ಈ ಸೀಸೆ ಒಂದು ಮುಗಿಯಲಿ

ನಮ್ಮಕ್ಕನ ಬಗ್ಗೆ ಬರೆಯಲು ಕೂತರೆ ಮೊದಲು ಮೇದೋಜೀರಕದ ಬಗ್ಗೆ ಬರೆಯಬೇಕಾಗುತ್ತದೆ. ಬೇರೆ ಮನೆಗಳಲ್ಲಿ ಅಕ್ಕಂದಿರ ಕಥೆ ಜಡೆಯಿಂದಲೋ ಅಡುಗೆಯಿಂದಲೋ ಶುರುವಾಗುತ್ತದಂತೆ. ನಮ್ಮ ಮನೆಯ ಹಣೆಬರಹ ಇದು, ಏನು ಮಾಡೋಣ.

ಮೇದೋಜೀರಕ ಎನ್ನುವ ಗ್ರಂಥಿಯೊಂದು ನಮ್ಮೆಲ್ಲರ ಹೊಟ್ಟೆಯಲ್ಲಿ, ಜಠರದ ಹಿಂದೆ ಅಡ್ಡಡ್ಡ ಮಲಗಿದೆ. ಅದು ಕೈಕೊಡುವ ತನಕ ಯಾರೂ ಅದನ್ನು ವಿಚಾರಿಸಿಕೊಳ್ಳುವುದಿಲ್ಲ. ಅದರೊಳಗೆ ನಕ್ಷತ್ರದ ಆಕಾರದ ಒಂದು ಬಗೆಯ ಜೀವಕೋಶಗಳಿವೆ. ಎಲ್ಲ ಚೆನ್ನಾಗಿರುವಾಗ ಅವು ಮೈಯೊಳಗೆ ಒಂದಿಷ್ಟು ಎಣ್ಣೆಹನಿ ಇಟ್ಟುಕೊಂಡು ತೆಪ್ಪಗೆ ಕೂತಿರುತ್ತವೆ. ಗ್ರಂಥಿಗೆ ಎಲ್ಲಾದರೂ ಪೆಟ್ಟಾಯಿತೋ, ಎಣ್ಣೆ ಗಿಣ್ಣೆ ಎಲ್ಲ ಬಿಸಾಕಿ ಎದ್ದು ಬಂದು ನಾರು ನೇಯಲು ಶುರು. ಗಾಯಕ್ಕೆ ತೇಪೆ ಹಾಕುವುದು ಒಳ್ಳೆಯದೇ. ಆದರೆ ಇವಕ್ಕೆ ಕೆಲವೊಮ್ಮೆ ಸಾಕು ಎನ್ನುವುದೇ ಗೊತ್ತಾಗುವುದಿಲ್ಲ. ತೇಪೆಯ ಮೇಲೆ ತೇಪೆ ಹಾಕಿ ಹಾಕಿ ಮೆತ್ತಗಿದ್ದ ಗ್ರಂಥಿಯನ್ನು ಗಟ್ಟಿ ಮಾಡಿಬಿಡುತ್ತವೆ. ಅಲ್ಲಿ ಕ್ಯಾನ್ಸರ್ ಗಡ್ಡೆ ಇದ್ದರಂತೂ ಅದರ ಸುತ್ತ ಗೋಡೆ ಎಬ್ಬಿಸಿ ಔಷಧಿ ಒಳಗೆ ಹೋಗದ ಹಾಗೆ ಮಾಡುತ್ತವೆ. ಈ ಅತಿಬುದ್ಧಿಯನ್ನು ನಿಲ್ಲಿಸುವುದು ಹೇಗೆ ಎಂದು ತಿಳಿಯಲು ವಿಜ್ಞಾನಿಗಳು ಇವನ್ನು ದೇಹದ ಹೊರಗೆ ಸಾಕಿ ನೋಡುತ್ತಾರೆ. ನೋಡುವವರು ವಿಜ್ಞಾನಿಗಳು, ಸಾಕುವವಳು ನಮ್ಮಕ್ಕ.

ಸಾಕುವುದು ಎಂದರೆ ಬಾಯಿಮಾತಲ್ಲ. ಯಾರೋ ತೀರಿಕೊಂಡಾಗ ಅವರ ಮನೆಯವರು ಆ ದುಃಖದಲ್ಲೂ ದೊಡ್ಡ ಮನಸ್ಸು ಮಾಡಿ ಕೊಟ್ಟ ಅಂಗದಿಂದ ತೆಗೆದ ಕೋಶಗಳು, ಕಿರುಬೆರಳಿನಷ್ಟು ಸೀಸೆಗಳಲ್ಲಿ ಹೆಪ್ಪುಗಟ್ಟಿ ನಮ್ಮ ಪ್ರಯೋಗಾಲಯಕ್ಕೆ ಬರುತ್ತವೆ. ದ್ರವ ಸಾರಜನಕ ತುಂಬಿದ ದೊಡ್ಡ ಹಂಡೆಯೊಂದರಲ್ಲಿ ಅವುಗಳ ವಾಸ. ಬೇಕಾದಾಗ ಅಕ್ಕ ಒಂದು ಸೀಸೆ ತೆಗೆದು, ಬೆಚ್ಚಗಿನ ನೀರಿನಲ್ಲಿ ಆಡಿಸಿ ಕರಗಿಸಿ, ಅಂಟು ಸವರಿದ ಚಪ್ಪಟೆ ಬಾಟಲಿಯಲ್ಲಿ ಮಲಗಿಸುತ್ತಾಳೆ. ಮಾರನೆಯ ದಿನದವರೆಗೆ ಅದನ್ನು ಯಾರೂ ಅಲುಗಾಡಿಸುವಂತಿಲ್ಲ. ಆಮೇಲೆ ಹಳೆಯ ಆಹಾರ ತೆಗೆದು ಹೊಸದು ಹಾಕಬೇಕು. ಅದನ್ನೂ ಕೋಶಗಳ ಮೈಮೇಲೆ ಸುರಿಯದೆ ಬಾಟಲಿಯ ಗೋಡೆಗುಂಟ ಇಳಿಬಿಡಬೇಕು. ಬಾಟಲಿ ತುಂಬಿ ಜಾಗ ಸಾಲದಾದಾಗ ಟ್ರಿಪ್ಸಿನ್ ಎಂಬ ದ್ರವ ಹಾಕುತ್ತಾರೆ. ಆಗ ಕೋಶಗಳು ಹಿಡಿದ ನೆಲ ಬಿಟ್ಟು ಮೇಲೇಳುತ್ತವೆ. ಎದ್ದ ಕೂಡಲೇ ಟ್ರಿಪ್ಸಿನ್ನಿನ ಬಾಯಿ ಮುಚ್ಚಿಸುವ ಇನ್ನೊಂದು ದ್ರವ ಹಾಕಿ, ಕೋಶಗಳನ್ನು ಬೇರೆ ಬೇರೆ ಬಾಟಲಿಗೆ ಪಾಲು ಮಾಡಬೇಕು. ಆ ಹೊತ್ತಿನಲ್ಲಿ ಮೈಮರೆತರೆ ಅದು ಕೋಶಗಳನ್ನೇ ತಿಂದು ಹಾಕುತ್ತದೆ.

ಇವು ಕ್ಯಾನ್ಸರ್ ಕೋಶಗಳ ಹಾಗೆ ಚಿರಂಜೀವಿಗಳಲ್ಲ. ಕೆಲವು ಸಲ ಹೀಗೆ ಪಾಲಾದ ಮೇಲೆ ಅವಕ್ಕೂ ವಯಸ್ಸಾಗುತ್ತದೆ. ಅಗಲವಾಗಿ ಕಾಲು ಚಾಚಿಕೊಂಡು ಬಿದ್ದು, ಇನ್ನು ನಮ್ಮ ಕೈಲಾಗದಪ್ಪ ಎನ್ನುತ್ತವೆ. ಅಲ್ಲಿಗೆ ಒಂದು ಸೀಸೆ ಮುಗಿಯಿತು ಎಂದು ಅರ್ಥ. ಅಕ್ಕ ಒಂದು ದಿನ ಮುಖ ಸಣ್ಣ ಮಾಡಿಕೊಂಡು ಓಡಾಡಿ ಮತ್ತೊಂದು ಸೀಸೆ ತೆಗೆಯುತ್ತಾಳೆ.

ಪ್ರಯೋಗಾಲಯದಲ್ಲಿ ಅವಳಿಗೆ ಮೆತ್ತಗಮ್ಮ ಎಂದು ಹೆಸರು. ಯಾರಾದರೂ ಬಾಗಿಲು ಹಾಕಿದರೆ "ಮೆತ್ತಗೆ!" ಎನ್ನುತ್ತಾಳೆ. ಕುರ್ಚಿ ಎಳೆದರೆ "ಮೆತ್ತಗೆ!" ಎನ್ನುತ್ತಾಳೆ. ಒಮ್ಮೆ ಪಕ್ಕದ ಮೇಜಿನವರೊಬ್ಬರು ಜೋರಾಗಿ ಸೀನಿದರು. ಅಕ್ಕ ಅವರನ್ನು ನೋಡಿದ ನೋಟಕ್ಕೆ ಆ ಮನುಷ್ಯ ಮುಂದಿನ ಸೀನನ್ನು ನುಂಗಿಕೊಂಡರು. ನೋಡಲು ಆಸಾಮಿ ಗಿಡ್ಡಗೆ, ಸಣ್ಣಗೆ, ತಲೆಯ ಮೇಲೊಂದು ಬಿಗಿ ತುರುಬು. ಆದರೆ ಆ ಮಹಡಿಯಲ್ಲಿ ಅವಳು ಬಂದಳೆಂದರೆ ಗೋಡೆ ಗಡಿಯಾರವೂ ಸದ್ದು ತಗ್ಗಿಸುತ್ತದೆ ಎಂದು ನಾವೆಲ್ಲ ಆಡಿಕೊಳ್ಳುತ್ತೇವೆ.

ನಾನು ಅದೇ ಪ್ರಯೋಗಾಲಯದ ಉಗ್ರಾಣ ನೋಡಿಕೊಳ್ಳುವವಳು. ಕೈಗವಸು, ಪಿಪೆಟ್ಟು, ಬಾಟಲಿಗಳ ಡಬ್ಬಗಳ ನಡುವೆ ನನ್ನ ಮೇಜು. ಕಿಟಕಿಯಿಂದ ಲಾರಿಗಳು ಬಂದು ನಿಲ್ಲುವ ಹಿಂದಿನ ಅಂಗಳ ಕಾಣುತ್ತದೆ, ಬಾಗಿಲಿನಿಂದ ಅಕ್ಕನ ಕೋಣೆಯ ಗಾಜು ಕಾಣುತ್ತದೆ. ಹಾಗಾಗಿ ಮುಂದೆ ಹೇಳುವ ಯಾವುದೂ ನಾನು ಕದ್ದು ನೋಡಿದ್ದಲ್ಲ. ತಾನಾಗಿ ಕಣ್ಣಿಗೆ ಬಿದ್ದದ್ದು, ತಾನಾಗಿ ಕಿವಿಗೆ ಬಿದ್ದದ್ದು. ಸ್ವಲ್ಪ ಕತ್ತು ಚಾಚಿರಬಹುದು, ಅದಕ್ಕೇನೀಗ?

ಮನೆಯಲ್ಲೂ ಅವಳ ಕಾರುಬಾರು ಇದೇ. ಕೆಳಗಿನ ಎರಡು ಕೋಣೆಯಲ್ಲಿ ಅಪ್ಪ ಮತ್ತು ಅವಳು, ಮೇಲಿನ ಮಹಡಿಯಲ್ಲಿ ನಾನು ಮತ್ತು ನನ್ನ ಗಂಡ. ಅಮ್ಮ ತೀರಿಕೊಂಡಾಗ ನಾನು ಇನ್ನೂ ತೊದಲುತ್ತಿದ್ದ ಕೂಸು, ಅಕ್ಕ ಶಾಲೆಗೆ ಹೋಗುವ ಹುಡುಗಿ. ಅಪ್ಪ ಬಸ್ ಕಂಡಕ್ಟರ್. ಬೆಳಗ್ಗೆ ಹೋದರೆ ಕತ್ತಲಿಗೇ ಮನೆ. ನನಗೆ ಉಣಿಸಿ, ಜಡೆ ಹಾಕಿ, ಮೂಗು ಒರೆಸಿ ದೊಡ್ಡವಳನ್ನಾಗಿ ಮಾಡಿದ್ದು ಅಕ್ಕನೇ. ನನ್ನನ್ನು ಸಾಕಿ ಮುಗಿಸುವ ಹೊತ್ತಿಗೆ ಅವಳಿಗೆ ಸಾಕುವ ಚಾಳಿ ಅಂಟಿಕೊಂಡಿತ್ತು. ಸರಿಯಾಗಿ ಆಗಲೇ ಈ ಕೆಲಸ ಸಿಕ್ಕಿತು. ನನ್ನ ಜಾಗಕ್ಕೆ ಕೋಶಗಳು ಬಂದವು ಎಂದು ನಾನು ಹೊಟ್ಟೆಕಿಚ್ಚು ಪಟ್ಟಿದ್ದೂ ಉಂಟು.

ನಮ್ಮ ಮನೆಯ ಫ್ರಿಜ್ಜು ತೆಗೆಯುವುದೆಂದರೆ ಪರೀಕ್ಷೆ ಬರೆದ ಹಾಗೆ. "ಏನು ಬೇಕು ಅಂತ ಯೋಚಿಸಿ ತೆಗಿ, ತೆಗೆದು ಯೋಚಿಸಬೇಡ" ಎನ್ನುತ್ತಾಳೆ. ಚಹಾ ಬಗ್ಗಿಸುವಾಗ ಲೋಟದ ಅಂಚಿಗೆ ತಾಗಿಸಿ, ಒಂದು ಗುಳ್ಳೆ ಏಳದ ಹಾಗೆ ಬಗ್ಗಿಸುತ್ತಾಳೆ. ಅಷ್ಟರಲ್ಲಿ ಚಹಾ ಆರಿರುತ್ತದೆ. ಉಪ್ಪಿನ ಡಬ್ಬಿಯನ್ನೂ ಸ್ಪಿರಿಟ್ಟಿನಲ್ಲಿ ಒರೆಸುತ್ತಾಳೆ. "ನಿಮ್ಮಕ್ಕನ ಮನೇಲಿ ಊಟ ಮಾಡಿದ್ರೆ ಆಪರೇಷನ್ ಮಾಡಿಸ್ಕೊಂಡು ಬಂದ ಹಾಗಿರುತ್ತೆ" ಎಂದು ನನ್ನ ಗಂಡನ ದೂರು. ನನ್ನ ಮದುವೆಯ ದಿನ ಅಕ್ಷತೆ ಬಿದ್ದದ್ದೇ ತಡ, ರೇಷ್ಮೆ ಸೀರೆಯ ಮೇಲೇ ನಿಲುವಂಗಿ ತೊಟ್ಟು ಕೋಶಗಳಿಗೆ ಆಹಾರ ಹಾಕಿ ಬಂದಳು. ಊಟದ ಹೊತ್ತಿಗೆ ವಾಪಸು ಬಂದು, "ಎರಡೂ ಕಡೆ ಚೆನ್ನಾಗಿದ್ದಾರೆ" ಎಂದಳು. ಯಾವ ಎರಡು ಕಡೆ ಎಂದು ಕೇಳಿದ ನಮ್ಮ ಅತ್ತೆಗೆ ಇವತ್ತಿಗೂ ಉತ್ತರ ಸಿಕ್ಕಿಲ್ಲ.

ಇಂಥವಳ ಮೇಲೆ ಒಬ್ಬರಿಗೆ ಮನಸ್ಸಾಯಿತು ಎಂದರೆ ನಂಬುತ್ತೀರಾ? ನಾನೂ ನಂಬಿರಲಿಲ್ಲ.

ಅವರು ಸಾರಜನಕ ತುಂಬಲು ಬರುವ ಗ್ಯಾಸ್ ಕಂಪನಿಯವರು. ಪ್ರತಿ ವಾರ ಒಂದು ಸಣ್ಣ ಲಾರಿಯಲ್ಲಿ ಬಂದು, ಮುಖಕ್ಕೆ ಪಾರದರ್ಶಕ ಗುರಾಣಿಯಂಥದ್ದು ಹಾಕಿಕೊಂಡು, ಮೊಣಕೈವರೆಗಿನ ದಪ್ಪ ಗವಸು ತೊಟ್ಟು, ನಮ್ಮ ಹಂಡೆ ತುಂಬಿಸಿ ಹೋಗುತ್ತಿದ್ದರು. ತುಂಬುವಾಗ ಬೆಳ್ಳನೆಯ ಹೊಗೆ ಸೊಂಟದವರೆಗೆ ಏಳುತ್ತಿತ್ತು. ಅದಕ್ಕೆ ನಾವೆಲ್ಲ ಅವರನ್ನು ಹೊಗೆರಾಯರು ಎನ್ನುತ್ತಿದ್ದೆವು. ಆಳು ಬಾಗಿಲ ತುಂಬ ಇದ್ದರು, ಮಾತು ಮಾತ್ರ ಚಿಟಿಕೆಯಷ್ಟು. ಹೆಂಡತಿ ತೀರಿಕೊಂಡು ಬಹಳ ಕಾಲವಾಗಿತ್ತು. ಒಬ್ಬಳೇ ಮಗಳು ಮದುವೆಯಾಗಿ ಬೇರೆ ಊರಿನಲ್ಲಿದ್ದಳು.

ಶುರುವಾದದ್ದು ಒಂದು ರಜೆಯ ದಿನ. ಹಂಡೆಯಲ್ಲಿ ಮಟ್ಟ ಇಳಿದಿದೆ ಎಂದು ಅಕ್ಕ ಫೋನು ಮಾಡಿದಳು. ಕಂಪನಿಗೆ ರಜೆ, ಲಾರಿ ಇಲ್ಲ. ಹೊಗೆರಾಯರು ಸಣ್ಣ ಕ್ಯಾನೊಂದನ್ನು ಕೈಗಾಡಿಯಲ್ಲಿಟ್ಟುಕೊಂಡು ಅಷ್ಟು ದೂರ ತಳ್ಳಿಕೊಂಡೇ ಬಂದರು. ಹಾದಿಯಲ್ಲಿ ಹಳ್ಳಕೊಳ್ಳ ಸಿಕ್ಕಲ್ಲೆಲ್ಲ ಗಾಡಿಯನ್ನು ಎತ್ತಿ ಎತ್ತಿ ಇಟ್ಟರಂತೆ. "ಅಲುಗಾಡಿಸದೆ ತಂದಿದ್ದೀನಿ" ಎಂದರಂತೆ. ಅಕ್ಕನಿಗೆ ಆ ಮಾತೊಂದು ಸಾಕಾಯಿತು. ಡಬ್ಬಿಯಲ್ಲಿದ್ದ ಬನ್ನಿನಲ್ಲಿ ಅರ್ಧ ಮುರಿದು ಕೊಟ್ಟಳು. ಅಕ್ಕ ತನ್ನ ಡಬ್ಬಿಯಿಂದ ಯಾರಿಗಾದರೂ ಏನಾದರೂ ಮುರಿದು ಕೊಟ್ಟದ್ದು ನನಗೆ ಬಿಟ್ಟರೆ ಅವರಿಗೇ.

ಅಲ್ಲಿಂದ ಮುಂದೆ ಹೊಗೆರಾಯರು ಬರುವ ದಿನ ಅಕ್ಕನ ತುರುಬು ಸ್ವಲ್ಪ ಸಡಿಲವಾಗಿರುತ್ತಿತ್ತು. ನಾನು ಬಾಯಿ ಬಿಡಲಿಲ್ಲ. ನಮ್ಮಪ್ಪನಿಗೆ ಮಾತ್ರ ಹೇಳಿದೆ. ಅಪ್ಪ ಬಾಯಿ ಬಿಡದವರಲ್ಲ. "ಏನಮ್ಮಾ, ಹೊಗೆ ಜಾಸ್ತಿ ಆಗಿದೆಯಂತಲ್ಲ ನಿಮ್ಮಲ್ಲಿ?" ಎಂದು ಊಟಕ್ಕೆ ಕೂತಾಗ ಕೇಳಿ, ಸೌಟಿನ ಪೆಟ್ಟು ತಪ್ಪಿಸಿಕೊಂಡರು.

ಹೊಗೆರಾಯರು ಅಕ್ಕನನ್ನು ಕೇಳಿದ ದಿನ ನಾನು ಅಲ್ಲೇ ಇದ್ದೆ. ಹಂಡೆ ಇರುವುದು ನನ್ನ ಉಗ್ರಾಣದ ಪಕ್ಕದ ಮೊಗಸಾಲೆಯಲ್ಲಿ, ನಾನು ಇನ್ನೆಲ್ಲಿಗೆ ಹೋಗಲಿ? ತುಂಬಿಸಿ ಮುಗಿಸಿದವರೇ ಗವಸು ಕಳಚಿ, ಮುಖದ ಗುರಾಣಿ ಎತ್ತುವುದನ್ನು ಮರೆತು, ಅದರೊಳಗಿನಿಂದಲೇ ಕೇಳಿದರು. ಕೊಡದೊಳಗೆ ತಲೆಯಿಟ್ಟು ಮಾತಾಡಿದ ಹಾಗೆ ಕೇಳಿಸಿತು.

"ನಾವಿಬ್ಬರೂ ಮದುವೆ ಮಾಡ್ಕೊಂಡ್ರೆ ಹೇಗೆ?"

ಅಕ್ಕ ಅವರ ಕೈ ನೋಡಿದಳು. "ಮೊದಲು ಗವಸು ಹಾಕ್ಕೊಳ್ಳಿ. ಮುಚ್ಚಳ ಇನ್ನೂ ತೆಗೆದೇ ಇದೆ" ಎಂದಳು. ಅವರು ವಿಧೇಯರಾಗಿ ಗವಸು ಹಾಕಿಕೊಂಡರು. ಅಕ್ಕ ಮುಚ್ಚಳ ಮುಚ್ಚಿದಳು. ಕಿವಿಯೆಲ್ಲ ಕೆಂಪಾಗಿತ್ತು ಅವಳಿಗೆ.

"ಮೊನ್ನೆಯಷ್ಟೇ ಹೊಸ ಸೀಸೆ ತೆಗೆದಿದ್ದೀನಿ. ಈ ಸೀಸೆ ಒಂದು ಮುಗೀಲಿ, ಹೇಳ್ತೀನಿ."

"ಆಯ್ತು" ಎಂದರು ಅವರು. ನೋಡಿ, ಇಲ್ಲೇ ಅವರು ಎಡವಿದ್ದು. ಬೇರೆ ಯಾರಾದರೂ ಆಗಿದ್ದರೆ ಸೀಸೆಗೂ ಮದುವೆಗೂ ಏನು ಸಂಬಂಧ ಎಂದು ಕೇಳುತ್ತಿದ್ದರು. ನಾನಾಗಿದ್ದರೆ ಕೇಳಿಯೇ ಬಿಡುತ್ತಿದ್ದೆ.

ಆ ಸೀಸೆ ಮುಗಿಯಿತು. ಅಕ್ಕ ಇನ್ನೊಂದು ತೆಗೆದಳು. "ಇದು ಸ್ವಲ್ಪ ಹಟಮಾರಿ, ನಡುವೆ ಬಿಡೋ ಹಾಗಿಲ್ಲ. ಇದೊಂದು ಮುಗೀಲಿ." ಅದೂ ಮುಗಿಯಿತು. ಮುಂದಿನದು ಬಹಳ ನಿಧಾನದ್ದಂತೆ, ಅದಕ್ಕೆ ಹೆಚ್ಚು ಗಮನ ಬೇಕಂತೆ. ಅದರ ಮುಂದಿನದು ಬಹಳ ಚುರುಕಂತೆ, ಅದಕ್ಕೂ ಹೆಚ್ಚು ಗಮನ ಬೇಕಂತೆ! ಹೊಗೆರಾಯರು ಪ್ರತಿ ಸಲವೂ ಆಯ್ತು ಎಂದು ತಲೆಯಾಡಿಸಿ, ಹಂಡೆ ತುಂಬಿಸಿ ಹೋಗುತ್ತಿದ್ದರು. ನನಗೋ ಮೈಯೆಲ್ಲ ಉರಿ. ಕೋಪ ನನಗೆ ಮೂಗಿನ ತುದಿಯಲ್ಲೇ ಇರುತ್ತದೆ, ಅದು ಊರಿಗೆಲ್ಲ ಗೊತ್ತಿರುವ ವಿಷಯ. ಒಂದು ದಿನ ಅಂಗಳಕ್ಕೆ ಇಳಿದು ಅವರನ್ನು ಅಡ್ಡಗಟ್ಟಿದೆ.

"ಅಲ್ಲ ರೀ, ಆ ಸೀಸೆಗಳು ಕೆಡದೆ ಇರೋದು ಯಾತರಿಂದ?"

"ಸಾರಜನಕದಿಂದ."

"ಅದನ್ನ ತುಂಬಿಸ್ತಾ ಇರೋದು ಯಾರು?"

"ನಾನೇ."

"ಅಯ್ಯೋ ಪುಣ್ಯಾತ್ಮ! ಹಾಗಿದ್ರೆ ಅವಳಿಗೆ ವಾರ ವಾರ ನೆಪ ತಂದು ಕೊಡ್ತಾ ಇರೋದು ನೀವೇ ಅಲ್ವಾ? ಒಂದು ವಾರ ತಡವಾಗಿ ಬನ್ನಿ. ಎಲ್ಲ ಕರಗಿ ಹೋಗಲಿ. ಆಗ ಏನು ಹೇಳ್ತಾಳೋ ನೋಡೋಣ."

ಅವರು ಲಾರಿಯ ಕೊಂಡಿ ಭದ್ರವಾಗಿದೆಯೇ ಎಂದು ಎಳೆದು ನೋಡಿದರು. "ಅದು ಹಾಳಾದ್ರೆ ಅವರು ಅಳ್ತಾರಲ್ಲಮ್ಮ" ಎಂದರು.

ಈ ಮನುಷ್ಯನಿಗೆ ನಮ್ಮಕ್ಕನನ್ನು ಕೊಡದಿದ್ದರೆ ದೇವರು ನಮಗೆ ಒಳ್ಳೆಯದು ಮಾಡುವುದಿಲ್ಲ ಎಂದುಕೊಂಡು ಮೇಲೆ ಬಂದೆ.

ಹೀಗೇ ನಡೆಯುತ್ತಿರುವಾಗ ಕಂಪನಿಯವರು ಹೊಗೆರಾಯರಿಗೆ ದೂರದ ಊರಿನ ಡಿಪೋಗೆ ವರ್ಗ ಮಾಡಿದರು. ಮಗಳಿರುವ ಊರಿಗೆ ಹತ್ತಿರ, ಒಳ್ಳೆಯ ಜಾಗವೇ. ತಿಂಗಳ ಕೊನೆಯ ಶುಕ್ರವಾರ ಅವರ ಕೊನೆಯ ಸುತ್ತು. ವಿಷಯವನ್ನು ಅವರು ಅಕ್ಕನಿಗೆ ಹೇಳಿದ್ದು ಹಂಡೆಯ ಪಕ್ಕದಲ್ಲೇ, ಈ ಸಲ ಗುರಾಣಿ ಎತ್ತಿಕೊಂಡು.

"ಇಲ್ಲೇ ಇರ್ತೀನಿ ಅಂದ್ರೆ ಇಲ್ಲಿನ ಡಿಪೋದಲ್ಲಿ ಕೂತು ಮಾಡೋ ಕೆಲಸ ಇದೆಯಂತೆ. ಶುಕ್ರವಾರದೊಳಗೆ ಕೇಳಿದ್ರೆ ಕೊಡ್ತಾರಂತೆ. ಆದ್ರೆ ಯಾಕೆ ಇಲ್ಲೇ ಇರ್ತೀಯ ಅಂತ ಕೇಳಿದ್ರೆ ನಾನು ಏನು ಹೇಳಲಿ?"

ಅಕ್ಕ ಹಂಡೆಯ ಮುಚ್ಚಳ ಮುಚ್ಚಿದಳು. ನೆಪ ಹೇಳಲು ಅವಳ ಹತ್ತಿರ ಈ ಸಲ ಹೆಚ್ಚೇನೂ ಇರಲಿಲ್ಲ. ಇಲ್ಲಿಯವರೆಗಿನ ಸೀಸೆಗಳೆಲ್ಲ ಒಬ್ಬರೇ ದಾನಿಯವು, ಅವುಗಳಲ್ಲಿ ಹಂಡೆಯೊಳಗೆ ಉಳಿದಿದ್ದದ್ದು ಒಂದೇ ಸೀಸೆ. ಬೇರೆ ದಾನಿಯ ಕೋಶಗಳು ಬರುವುದು ಯಾವಾಗಲೋ, ಯಾರಿಗೂ ತಿಳಿಯದು. ಪ್ರಯೋಗಾಲಯದ ಮುಖ್ಯಸ್ಥೆ, ನಾವು ದೊಡ್ಡ ಮೇಡಂ ಎನ್ನುವವರು, ಆ ಕೊನೆಯ ಸೀಸೆಯನ್ನೂ ತೆಗೆಯಲು ಹೇಳಿದರು. ಅವರ ಒಂದು ಪ್ರಯೋಗಕ್ಕೆ ಅದು ಬೇಕಿತ್ತು. ಅಕ್ಕ ಅದನ್ನು ಕರಗಿಸಿ ಮಲಗಿಸಿದಳು. ಅದು ಬಾಟಲಿ ತುಂಬುವುದೂ ಹೊಗೆರಾಯರು ಊರು ಬಿಡುವುದೂ ಒಂದೇ ವಾರಕ್ಕೆ ಬಿತ್ತು.

ಕೊನೆಯ ಸೀಸೆ ತೆಗೆದ ದಿನವೇ ಅಪ್ಪ ಎಚ್ಚರಿಕೆ ಕೊಟ್ಟರು. "ಸೀಸೆ ಮುಗಿದ ಮೇಲೆ ನನ್ನ ನೆಪ ಹೇಳಿದ್ಯೋ, ನೋಡು, ನಾನು ಮಹಡಿ ಮೇಲೆ ಇವಳ ಮನೆಗೆ ಹೋಗ್ತೀನಿ."

"ಇಲ್ಲಿಂದ ಮಹಡಿಗೆ ಹತ್ತೋಕೆ ನಿಮಗೆ ಮಂಡಿ ಬೇಕಲ್ಲ" ಎಂದಳು ಅಕ್ಕ.

"ಅಳಿಯ ಎತ್ಕೊಂಡು ಹೋಗ್ತಾನೆ."

"ನಾನಾ?" ಎಂದ ನನ್ನ ಗಂಡ. ಅಪ್ಪನನ್ನು ನೋಡಿದರೆ ಅವನಿಗೆ ಮೊದಲಿಂದಲೂ ಸ್ವಲ್ಪ ದಿಗಿಲು.

ಗುರುವಾರ ಸಂಜೆ ನಾನು ಕೆಳಗೆ ಹೋದಾಗ ಅಕ್ಕ ಅಡುಗೆಮನೆಯಲ್ಲಿ ಒಬ್ಬಳೇ ತರಕಾರಿ ಹೆಚ್ಚುತ್ತಿದ್ದಳು. ಹೆಚ್ಚಿದ ತುಂಡುಗಳೆಲ್ಲ ಅಳತೆಪಟ್ಟಿ ಹಿಡಿದ ಹಾಗೆ ಒಂದೇ ಸಮ. ನಾನು ರೇಗಿಸುವ ಮನಸ್ಸಿನಿಂದಲೇ ಹೋಗಿದ್ದೆ. "ಏನೇ ಮೆತ್ತಗಮ್ಮ, ನಾಳೆ ಯಾವ ಸೀಸೆಯ ಹಿಂದೆ ಬಚ್ಚಿಟ್ಕೊಳ್ತೀಯ?" ಎಂದೆ. ಅವಳು ಚಾಕು ಕೆಳಗಿಟ್ಟಳು.

"ನಂಗೆ ಭಯ ಕಣೇ."

"ಅವರನ್ನ ಕಂಡ್ರಾ? ಅವರನ್ನ ಕಂಡ್ರೆ ಬೆಕ್ಕೂ ಹೆದರಲ್ಲ."

"ಅವರನ್ನಲ್ಲ. ನಂಗೆ ಸಾಕೋಕೆ ಬರುತ್ತೆ. ನಿನ್ನ ಸಾಕಿದೆ. ಅಪ್ಪನ್ನ ನೋಡ್ಕೊಂಡೆ. ಆ ಕೋಶಗಳನ್ನ ಸಾಕ್ತೀನಿ. ಹೊಟ್ಟೆಗೆ ಏನು ಬೇಕು, ಎಷ್ಟು ಬೆಚ್ಚಗಿರಬೇಕು, ಎಲ್ಲ ಗೊತ್ತಾಗುತ್ತೆ. ಆದ್ರೆ ಅವರಿಗೆ ನನ್ನಿಂದ ಏನೂ ಬೇಕಾಗಿಲ್ಲ. ಅವರ ಬಟ್ಟೆ ಅವರೇ ಒಗ್ಕೊಳ್ತಾರೆ. ಅಡುಗೆ ನಂಗಿಂತ ಚೆನ್ನಾಗಿ ಮಾಡ್ತಾರಂತೆ. ಸುಮ್ನೆ ಜೊತೆಗಿರಬೇಕಂತೆ. ಹಾಗೆ ಇರೋದು ಹೇಗೆ ಅಂತ ನಂಗೆ ಗೊತ್ತೇ ಇಲ್ವಲ್ಲೇ."

ನಾನು ಅವಳ ತಟ್ಟೆಯಿಂದ ಒಂದು ತುಂಡು ತೆಗೆದು ಬಾಯಿಗೆ ಹಾಕಿಕೊಂಡೆ. "ತೊಳೆದಿಲ್ಲ ಅದನ್ನ!" ಎಂದು ಬೈದಳು. ಇಬ್ಬರಿಗೂ ಕಣ್ಣು ತುಂಬಿತ್ತು.

ಶುಕ್ರವಾರ ಬಂತು. ಬೆಳಗ್ಗೆಯಿಂದ ಮಹಡಿಯಲ್ಲಿ ಯಾರಿಗೂ ಕೆಲಸದ ಮೇಲೆ ಗಮನವಿಲ್ಲ. ನಾನು ಯಾರಿಗೂ ಹೇಳಿರಲಿಲ್ಲ, ಒಬ್ಬಿಬ್ಬರಿಗೆ ಬಿಟ್ಟು. ಆ ಒಬ್ಬಿಬ್ಬರೂ ಒಬ್ಬಿಬ್ಬರಿಗೇ ಹೇಳಿದ್ದರು. ಅಕ್ಕ ಎಂದಿನಂತೆ ಬಂದು, ಕೈ ತೊಳೆದು, ನಿಲುವಂಗಿ, ಗವಸು, ತಲೆಗೆ ಟೊಪ್ಪಿ ಎಲ್ಲ ತೊಟ್ಟು ತನ್ನ ಗಾಜಿನ ಕೋಣೆ ಹೊಕ್ಕಳು. ಕೊನೆಯ ಸೀಸೆಯ ಕೋಶಗಳು ಬಾಟಲಿ ತುಂಬಿದ್ದವು. ಮಧ್ಯಾಹ್ನದೊಳಗೆ ಪಾಲು ಮಾಡಿ ದೊಡ್ಡ ಮೇಡಂಗೆ ಕೊಟ್ಟರೆ ಮುಗಿಯಿತು.

ಹೊಗೆರಾಯರು ಬಂದರು. ಹಂಡೆ ತುಂಬಿಸಿದರು. ಅವತ್ತು ಅವರು ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡಿದ್ದರು. ಅಕ್ಕ ಹೊರಗೆ ಬರಲಿಲ್ಲ. ಅವರು ಸ್ವಲ್ಪ ಕಾದರು. ಹಂಡೆಯ ಹೊರಮೈಯನ್ನು ಬಟ್ಟೆಯಿಂದ ಒರೆಸಿದರು, ಒರೆಸಿದ್ದನ್ನೇ ಮತ್ತೆ ಒರೆಸಿದರು. ಆಮೇಲೆ ನಡೆದು ಹೋಗಿ ಅಕ್ಕನ ಕೋಣೆಯ ಗಾಜಿನ ಹೊರಗೆ ನಿಂತರು. ಒಳಗೆ ಹೋಗುವಂತಿಲ್ಲ ಎಂದು ಅವರಿಗೆ ಗೊತ್ತು. ಗಾಜು ತಟ್ಟಲೂ ಇಲ್ಲ.

ಅಕ್ಕ ಆಗಷ್ಟೇ ಬಾಟಲಿಗೆ ಟ್ರಿಪ್ಸಿನ್ ಹಾಕಿದ್ದಳು. ತಲೆಯೆತ್ತಿದಳು. ಅವರನ್ನು ಕಂಡಳು.

ಅವರು ಕೈಯೆತ್ತಿದರು. ಬಾ ಎಂದಲ್ಲ, ಯಾಕೆ ಬರಲಿಲ್ಲ ಎಂದೂ ಅಲ್ಲ. ಹೋಗಿಬರುತ್ತೇನೆ ಎನ್ನುವಾಗ ಎತ್ತುತ್ತಾರಲ್ಲ, ಹಾಗೆ. ಅಕ್ಕ ಅವರನ್ನೇ ನೋಡುತ್ತಾ ನಿಂತಳು. ಅವರು ಕೈ ಇಳಿಸಿ, ತಿರುಗಿ, ಮೊಗಸಾಲೆ ದಾಟಿ ಮೆಟ್ಟಿಲು ಇಳಿದು ಹೋದರು. ಅವರು ಕಾಣದಾದ ಮೇಲೂ ಅಕ್ಕ ಆ ಖಾಲಿ ಗಾಜನ್ನು ನೋಡುತ್ತಲೇ ಇದ್ದಳು. ಬಾಟಲಿಯ ಮೇಲಿದ್ದ ಅವಳ ಕೈ ಹಾಗೇ ಇತ್ತು.

ನಾನು ನನ್ನ ಬಾಗಿಲಲ್ಲಿ ನಿಂತು ಒಳಗೊಳಗೇ ಕೂಗುತ್ತಿದ್ದೆ. ಹೋಗೇ, ಹೋಗೇ ಮಾರಾಯ್ತಿ, ಕಾಲಿಲ್ವಾ ನಿಂಗೆ? ಅವಳ ಮುಂದೆ ಇದ್ದದ್ದು ಟ್ರಿಪ್ಸಿನ್ ಎಂದು ನನಗೆ ತಿಳಿಯಲಿಲ್ಲ. ತಿಳಿದಿದ್ದರೂ ನಾನು ಗಾಜು ಬಡಿಯುತ್ತಿದ್ದೆನೋ ಇಲ್ಲವೋ, ಹೇಳಲಾರೆ.

ಬಹಳ ಹೊತ್ತಾದ ಮೇಲೆ ಅಕ್ಕ ಬೆಚ್ಚಿದಳು. ಬಾಟಲಿಯನ್ನು ಸೂಕ್ಷ್ಮದರ್ಶಕದ ಕೆಳಗಿಟ್ಟು ಬಗ್ಗಿ ನೋಡಿದಳು. ಕೋಶಗಳು ಎದ್ದು, ಒಡೆದು, ಒಂದಕ್ಕೊಂದು ಅಂಟಿ ಲೋಳೆಯ ಹಾಗೆ ತೇಲುತ್ತಿದ್ದವಂತೆ. ಉಳಿಸಲು ಏನೂ ಇರಲಿಲ್ಲ. ಈ ಕೆಲಸಕ್ಕೆ ಸೇರಿದ ಲಾಗಾಯ್ತು ಒಂದು ಬಾಟಲಿಯನ್ನೂ ಟ್ರಿಪ್ಸಿನ್ನಿನಲ್ಲಿ ಕಳೆದುಕೊಳ್ಳದವಳು, ಹೊಸಬರು ಹೀಗೆ ಮಾಡಿದರೆ ಎರಡು ದಿನ ಮಾತು ಬಿಡುತ್ತಿದ್ದವಳು, ಕೊನೆಯ ಸೀಸೆಯನ್ನು ಕೈಯಾರೆ ಕರಗಿಸಿ ಕೂತಿದ್ದಳು.

ಬಾಗಿಲು ದಢಾರ್ ಎಂದು ತೆರೆಯಿತು. ಮೆತ್ತಗಮ್ಮನ ಬಾಗಿಲು! ಇಡೀ ಮಹಡಿ ತಲೆಯೆತ್ತಿತು. ನಿಲುವಂಗಿ, ಗವಸು, ಟೊಪ್ಪಿ ಯಾವುದನ್ನೂ ಕಳಚದೆ ಆ ಕೋಣೆಯಿಂದ ಹೊರಗೆ ಬರುವುದು ಎಂದರೆ ಅವ್ವಯ್ಯಾ ಎನ್ನುವಂಥ ಅಪರಾಧ. ಅದನ್ನು ಗೋಡೆಗೆ ಬರೆಸಿ ಹಾಕಿಸಿದವಳೂ ಅವಳೇ. ಮೆಟ್ಟಿಲುಗಳ ಮೇಲೆ ಅವಳ ಚಪ್ಪಲಿ ಪಟಪಟ ಸದ್ದು ಮಾಡುತ್ತ ಇಳಿಯಿತು. ನಾನು ಕಿಟಕಿಗೆ ಓಡಿದೆ. ನನ್ನ ಹಿಂದೆ ಇನ್ನೂ ಯಾರ್‍ಯಾರೋ ಓಡಿ ಬಂದು ಡಬ್ಬಗಳನ್ನು ಬೀಳಿಸಿದರು.

ಲಾರಿ ಶುರುವಾಗಿ ಅಲುಗುತ್ತಿತ್ತು. ಅಕ್ಕ ಅದರ ಮುಂದೆ ಹೋಗಿ ನಿಂತಳು.

"ನಿಮ್ಮಿಂದ ನನ್ನ ಕೋಶಗಳೆಲ್ಲ ಸತ್ತುಹೋದ್ವು!"

ಹೊಗೆರಾಯರು ಕಿಟಕಿಯಿಂದ ತಲೆ ಹೊರಗೆ ಹಾಕಿದರು. ಮುಖ ಬಿಳಿಚಿಕೊಂಡಿತ್ತು. "ನಾನು... ನಾನು ಒಳಗೇ ಬರಲಿಲ್ಲವಲ್ಲ."

"ಹೊರಗೆ ನಿಂತ್ಕೊಂಡ್ರಲ್ಲ! ನಿಂತ್ಕೊಂಡು ಕೈ ಎತ್ತಿದ್ರಲ್ಲ! ಟ್ರಿಪ್ಸಿನ್ ಹಾಕಿರೋ ಹೊತ್ತಲ್ಲಿ ಯಾರಾದ್ರೂ ಹಾಗೆ ಕೈ ಎತ್ತುತ್ತಾರಾ? ಯಾರೋ ಪುಣ್ಯಾತ್ಮರು, ಮನೆಯವರನ್ನ ಕಳ್ಕೊಂಡು, ಆ ಸಂಕಟದಲ್ಲಿ ಕೊಟ್ಟಿದ್ದು ಅದು. ಇದ್ದಿದ್ದು ಅದೊಂದೇ..." ಅವಳ ದನಿ ಒಡೆಯಿತು.

"ತಪ್ಪಾಯ್ತು" ಎಂದರು ಅವರು. ಆ ಮನುಷ್ಯ ನಿಜವಾಗಿಯೂ ತಾನೇ ಕೊಂದೆ ಎಂದು ನಂಬಿಬಿಟ್ಟಿದ್ದರು. "ನಾನು ಬರಬಾರದಾಗಿತ್ತು. ಹೇಳಿ ಹೋಗೋಣ ಅಂತ ಬಂದೆ ಅಷ್ಟೆ. ಹೊರಟೆ, ಇನ್ನು ತೊಂದರೆ ಕೊಡಲ್ಲ."

"ಹೊರಡ್ತೀರಾ? ಇಷ್ಟೆಲ್ಲ ಮಾಡಿ ಹೊರಟುಬಿಡ್ತೀರಾ?" ಅಕ್ಕ ಕಣ್ಣೊರೆಸಿಕೊಳ್ಳಲು ಕೈಯೆತ್ತಿದಳು. ಗವಸು ಕಂಡು ತಡೆದು, ತೋಳಿನಿಂದ ಮೂಗು ಒರೆಸಿಕೊಂಡಳು. "ಹೋಗಿ, ನೋಡೋಣ! ಅದು ಹೇಗೆ ಹೋಗ್ತೀರೋ ನಾನೂ ನೋಡ್ತೀನಿ!"

ಹೊಗೆರಾಯರು ಅವಳನ್ನೇ ನೋಡಿದರು. ಲಾರಿಯ ಸದ್ದು ನಿಂತಿತು.

ಅಷ್ಟರಲ್ಲಿ ದೊಡ್ಡ ಮೇಡಂ ಏದುಸಿರು ಬಿಡುತ್ತ ಅಂಗಳಕ್ಕೆ ಬಂದರು. ಅಕ್ಕ ನಿಲುವಂಗಿಯಲ್ಲೇ ಹೊರಗೆ ಓಡಿದಳೆಂದು ಕೇಳಿ, ಬೆಂಕಿ ಬಿದ್ದಿದೆ ಎಂದೇ ಅವರು ತಿಳಿದಿದ್ದರು. ಅಕ್ಕ ಅವರ ಕಡೆ ತಿರುಗಿ ನೆಟ್ಟಗೆ ನಿಂತಳು.

"ಟ್ರಿಪ್ಸಿನ್ ಹಾಕಿ ಮರೆತೆ ಮೇಡಂ. ಎಲ್ಲ ಹೋಯ್ತು. ತಪ್ಪು ನನ್ನದು."

"ನೀವಾ?" ದೊಡ್ಡ ಮೇಡಂಗೆ ಕೋಪ ಬರುವ ಮೊದಲು ಆಶ್ಚರ್ಯ ಬಂತು. "ನೀವು ಮರೆತ್ರಾ? ಅದೇನು ನೋಡ್ತಾ ನಿಂತಿದ್ರಿ ಅಷ್ಟು ಹೊತ್ತು?"

ಕಿಟಕಿಯಲ್ಲಿ ನಾವೆಲ್ಲ ಇನ್ನಷ್ಟು ಕತ್ತು ಚಾಚಿದೆವು. ಅಕ್ಕ ಒಂದೊಂದೇ ಗವಸು ಕಳಚಿ ಜೇಬಿಗೆ ಹಾಕಿದಳು. ಟೊಪ್ಪಿ ತೆಗೆದಳು.

"ನಮ್ಮನೆಯವರನ್ನ" ಎಂದಳು.

ಹೊಗೆರಾಯರು ಲಾರಿಯ ಬಾಗಿಲು ತೆರೆದುಕೊಂಡು ಇಳಿಯುತ್ತಿದ್ದವರು, ಅದರ ಮೆಟ್ಟಿಲ ಮೇಲೇ ಕೂತುಬಿಟ್ಟರು.